ನಾಲ್ಕೂವರೆ ಇಂಚಿನ ಪಾದ

ಮಾರ್ಚ್ 3, ಮಂಗಳವಾರ

ಅತ್ತೆಯವರಿಗೆ ನಮಸ್ಕಾರ.

ಶನಿವಾರ ಸಂಜೆಯೇ ತಲುಪಿದೆವು. ತಿಳಿಸಲು ಇವತ್ತಿನವರೆಗೆ ದಾರಿ ಇರಲಿಲ್ಲ. ಗುಡ್ಡದ ಈ ಬದಿಗೆ ಸಿಗ್ನಲ್ ಬರುವುದಿಲ್ಲ. ಎಲ್ಲರ ಮೊಬೈಲೂ ಈಗ ಬರೀ ಟಾರ್ಚು. ಆರೋಗ್ಯ ಕೇಂದ್ರದಲ್ಲಿ ಒಂದು ಹಳೆಯ ಫೋನಿದೆ, ಅದನ್ನು ಕಾಗದಗಳು ಹಾರದಂತೆ ಮೇಲೆ ಭಾರಕ್ಕೆ ಇಟ್ಟಿದ್ದಾರೆ. ಮಂಗಳವಾರ ಮತ್ತು ಶನಿವಾರ ಕೆಳಗಿನ ಪಟ್ಟಣದಿಂದ ಸಾಮಾನಿನ ವ್ಯಾನು ಬರುತ್ತದೆ. ಅದೇ ನಮ್ಮ ಅಂಚೆ. ನಾನು ಮಂಗಳವಾರ ಕೊಟ್ಟದ್ದು ನಿಮಗೆ ಶುಕ್ರವಾರ ಸಿಗುತ್ತದೆ. ನೀವು ಶನಿವಾರ ಬೆಳಿಗ್ಗೆ ಹಾಕಿದರೆ ಮುಂದಿನ ಮಂಗಳವಾರ ನನ್ನ ಕೈಗೆ ಬರುತ್ತದೆ. ದಯವಿಟ್ಟು ಶನಿವಾರ ತಪ್ಪಿಸಬೇಡಿ.

ಕಲ್ಲು ಒಡೆಯುವವರ ಸಾಲುಮನೆಗಳ ಪಕ್ಕದಲ್ಲಿ ಶಾಲೆಯ ಒಂದು ಕೋಣೆ ಕೊಟ್ಟಿದ್ದಾರೆ. ನಾನೂ ಸೇರಿ ಹೆಣ್ಣುಮಕ್ಕಳು ಎಂಟು ಜನ, ಉಳಿದವರೆಲ್ಲ ಇಪ್ಪತ್ತರ ಆಸುಪಾಸು. ಎರಡನೇ ದಿನಕ್ಕೇ ನಾನು ‘ಆಂಟಿ’ ಆದೆ. ಪೇಸ್ಟು ಮರೆತವರು, ಗುಂಡಿ ಕಿತ್ತುಕೊಂಡವರು ಎಲ್ಲರಿಗೂ ಆಂಟಿಯೇ ಗತಿ. ನನ್ನ ಇಪ್ಪತ್ನಾಲ್ಕು ವರ್ಷಕ್ಕೆ ಮನೆಯಲ್ಲಿರುವ ಬುಗುರಿಯನ್ನೂ ಸೇರಿಸಿ ಎಂಟು ಮಕ್ಕಳು.

ಕಾಲೇಜಿನಿಂದ ತಂಡದ ಜೊತೆ ಬಂದ ಮೇಷ್ಟ್ರು ಮೊದಲ ಸಂಜೆಯೇ ನಿಯಮ ಓದಿದರು. ನಲವತ್ತೆರಡು ದಿನದಲ್ಲಿ ಒಂದು ದಿನ ಕಡಿಮೆಯಾದರೂ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದೆ ಪದವಿ ಇಲ್ಲ. “ಹೆರಿಗೆಗೆ ಅಂತ ಅರ್ಧಕ್ಕೆ ಬಿಟ್ಟವರಿಗೆ ಇದೇ ಕೊನೇ ತಂಡ” ಎಂದು, ಯಾರ ಹೆಸರನ್ನೂ ಹೇಳದೆ ನನ್ನನ್ನೇ ನೋಡಿದರು. ಎಲ್ಲ ಪರೀಕ್ಷೆ ಪಾಸಾದವಳು ಈ ಸೇವಾ ಪ್ರವಾಸ ಒಂದಕ್ಕಾಗಿ ಹತ್ತು ತಿಂಗಳ ಕೂಸನ್ನು ಬಿಟ್ಟು ಬಂದಿದ್ದೇನೆ ಎಂದು ಅವರಿಗೆ ಹೇಳಿ ಏನು ಪ್ರಯೋಜನ? ನಾಲ್ಕು ದಿನ ಕಳೆಯಿತು, ಮೂವತ್ತೆಂಟು ಉಳಿಯಿತು.

ಬುಗುರಿ ಲೋಟದಲ್ಲಿ ಹಾಲು ಕುಡಿಯುತ್ತಿದ್ದಾಳೆಯೇ? ಎಷ್ಟು ಸಲ? ಮಲಗುವಾಗ ಅಳುತ್ತಾಳೆಯೇ? ನನ್ನ ಹಳೆಯ ಸೀರೆ ಅವಳ ಪಕ್ಕದಲ್ಲೇ ಇದೆಯಲ್ಲವೇ, ಒಗೆದಿಲ್ಲ ತಾನೇ? ಹೊಟ್ಟೆಯ ಮೇಲೆ ಸುತ್ತುವುದನ್ನು ಬಿಟ್ಟು ಅಂಬೆಗಾಲಿಗೆ ಬಂದಳೇ? ನಿಲ್ಲಲು ನೋಡುತ್ತಾಳೆಯೇ? ಒಂದೊಂದಕ್ಕೂ ಉತ್ತರ ಬರೆಯಿರಿ. ಫೋಟೊ ಬೇಡ, ಫೋಟೊದಲ್ಲಿ ಎಲ್ಲ ಮಕ್ಕಳೂ ನಗುತ್ತವೆ. ಅವಳ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ಕಳಿಸಿ. ನೀವು ಅಳತೆ ತಪ್ಪುವವರಲ್ಲ.

ನಿಮ್ಮ ಸೊಸೆ


ಮಾರ್ಚ್ 7, ಶನಿವಾರ

ಸೊಸೆಗೆ ಆಶೀರ್ವಾದ.

ನಿನ್ನ ಕಾಗದ ಓದ್ತಾ ಓದ್ತಾ ನಾನೇ ಪರೀಕ್ಷೆಗೆ ಕೂತ ಹಾಗಾಯ್ತು. ಬರ್ಕೋ. ಲೋಟ ಮೂರು ದಿನ ಎಸೆದಳು, ನಾಲ್ಕನೇ ದಿನ ಕುಡಿದಳು. ಹಸಿವಿಗಿಂತ ದೊಡ್ಡ ಮೇಷ್ಟ್ರು ಇನ್ನೊಬ್ಬರಿಲ್ಲ. ಸೀರೆ ಒಗೆದಿಲ್ಲ. ನಿನ್ನ ಗಂಡ ಡ್ಯೂಟಿ ಮುಗಿಸಿ ಡಿಪೋದಲ್ಲಿ ಬಸ್ಸು ನಿಲ್ಲಿಸಿ ಮನೆಗೆ ಬಂದವನು ಮಗಳನ್ನ ಎದೆ ಮೇಲೆ ಮಲಗಿಸಿಕೊಂಡು ತಾನೇ ಗೊರಕೆ ಹೊಡೀತಾನೆ. ಮಗು ಎಚ್ಚರ ಇದ್ದು ಅಪ್ಪನ್ನ ಕಾಯುತ್ತೆ. ಅಂಬೆಗಾಲಿಗೆ ಬಂದಿದ್ದಾಳೆ. ನನ್ನ ಹೊಲಿಗೆ ಯಂತ್ರದ ಹತ್ತಿರ ಬಂದು ಪೆಡಲ್ಲು ಹಿಡ್ಕೋತಾಳೆ, ಒಂದು ಕೈಲಿ ಬಟ್ಟೆ ಒಂದು ಕೈಲಿ ಇವಳು ಅಂತ ಎರಡು ರವಿಕೆಗೆ ಹೊಲಿಗೆ ಸೊಟ್ಟ ಬಂತು.

ಪಾದ ಇದರ ಜೊತೆ ಇಟ್ಟಿದೀನಿ. ಬಿಳಿ ಕಾಗದ ಇರಲಿಲ್ಲ, ಬಟ್ಟೆ ಕತ್ತರಿಸೋ ಮಾದರಿಯ ಕಂದು ಕಾಗದದಲ್ಲಿ ಎಳೆದೆ. ಎಚ್ಚರ ಇದ್ದಾಗ ಮೀನಿನ ಹಾಗೆ ಜಾರ್ತಾಳೆ, ಮಲಗಿದ್ದಾಗ ಕಾಗದ ಒತ್ತಿ ಹಿಡಿದೆ. ಉದ್ದ ನಾಲ್ಕೂವರೆ ಇಂಚು, ಅಗಲ ಒಂದೂಮುಕ್ಕಾಲು.

ನೀನು ಅಲ್ಲಿ ಕೆಲಸ ನೋಡು. ಇಲ್ಲಿ ನಾನಿದೀನಿ. ಒಂದು ಮಗು ಸಾಕಿದ ಅನುಭವ ನನಗೂ ಇದೆ, ಅದನ್ನೇ ನೀನು ಮದುವೆ ಆಗಿರೋದು.

ಅತ್ತೆ


ಮಾರ್ಚ್ 10, ಮಂಗಳವಾರ

ಅತ್ತೆಯವರಿಗೆ,

ಪಾದ ಸಿಕ್ಕಿತು. ದಿಂಬಿನ ಕೆಳಗಿಟ್ಟರೆ ಮಡಿಕೆ ಬೀಳುತ್ತದೆ ಎಂದು ಕೆಲಸದ ಫಾರಂಗಳ ಹಲಗೆಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದ್ದೇನೆ.

ನನ್ನ ಕೆಲಸ ಏನೆಂದು ಕೇಳಿದರೆ ನಗುತ್ತೀರಿ. ಮಗುವಿನ ಪಾದ ಒತ್ತುವುದು. ಇಲ್ಲಿನ ನರ್ಸಮ್ಮ ಕಲಿಸಿಕೊಟ್ಟರು. ಎರಡೂ ಪಾದಗಳ ಮೇಲೆ ಹೆಬ್ಬೆರಳಿಟ್ಟು, ಒಂದು ಎರಡು ಮೂರು ಎಣಿಸಿ ಕೈ ತೆಗೆಯಬೇಕು. ಚರ್ಮ ಕೂಡಲೇ ಮೇಲೆದ್ದರೆ ಸರಿ. ಗುಳಿ ಹಾಗೇ ಉಳಿದರೆ ಮಗು ದುಂಡಗೆ ಕಂಡರೂ ಅದು ಮೈ ಅಲ್ಲ, ನೀರು. ಊಟ ಸಾಲದೆ ಬಂದ ಬಾವು. “ಕಾಲು ತುಂಬಿಕೊಂಡಿದೆ ಅಂತ ಖುಷಿಪಡೋ ತಾಯಂದಿರನ್ನ ನೋಡಿದೀನಮ್ಮ” ಎಂದರು. ದಿನಕ್ಕೆ ಇಪ್ಪತ್ತು ಮನೆ. ಹುಡುಗಿಯರಿಗೆ ಮಕ್ಕಳನ್ನು ಹಿಡಿಯಲು ಬಾರದು, ಹಾಗಾಗಿ ಎಲ್ಲ ಮಕ್ಕಳೂ ಆಂಟಿಗೆ. ನಿನ್ನೆ ಒಬ್ಬ ಅಜ್ಜಿ ತನ್ನ ಕಾಲನ್ನೇ ಮುಂದಕ್ಕೆ ಚಾಚಿ, “ನನ್ನದೂ ಒತ್ತಮ್ಮ, ಮೂರು ಎಣಿಸಿ ಬಿಡಬೇಡ, ನೂರು ಎಣಿಸು” ಎಂದಳು.

ಸಂಜೆ ಫಾರಂ ತುಂಬಬೇಕು. ‘ಇಂದು ನೀವು ಏನು ಕಲಿತಿರಿ?’ ಎಂಟು ಸಾಲು, ಕಡ್ಡಾಯ. ಏಳು ಬರೆದವಳನ್ನು ವಾಪಸು ಕಳಿಸಿದರು. ಹೋದ ವರ್ಷ ಬಂದ ತಂಡವೂ ಇದೇ ಮನೆಗಳಲ್ಲಿ ಇದೇ ಪಾದಗಳನ್ನು ಒತ್ತಿ ಹೋಯಿತಂತೆ. ಅವರು ಬರೆದದ್ದು ಎಲ್ಲಿ ಎಂದು ನರ್ಸಮ್ಮ ಕೇಳಿದರೆ ಮೇಷ್ಟ್ರು, “ಅದು ಕಾಲೇಜಿನಲ್ಲಿ ಭದ್ರವಾಗಿದೆ” ಎಂದರು. ಭದ್ರವಾಗಿದೆಯಂತೆ!

ನನ್ನ ನಿದ್ದೆಯ ಕಥೆ ಕೇಳಬೇಡಿ. ಇಲ್ಲಿ ಯಾವ ಮಗು ಅತ್ತರೂ ಮೊದಲು ಎದ್ದು ಕೂರುವವಳು ನಾನು. ಬುಗುರಿ ನಿಲ್ಲಲು ನೋಡುತ್ತಾಳೆಯೇ ಎಂಬುದಕ್ಕೆ ನೀವು ಉತ್ತರ ಬರೆಯಲಿಲ್ಲ.

ನಿಮ್ಮ ಸೊಸೆ


ಮಾರ್ಚ್ 14, ಶನಿವಾರ

ಸೊಸೆಗೆ ಆಶೀರ್ವಾದ.

ನಿಲ್ತಾಳೆ, ನಿಲ್ತಾಳೆ, ನಿನಗೆ ಯಾಕೆ ಅವಸರ? ನಿಂತ ಮೇಲೆ ಓಡ್ತಾಳೆ, ಓಡಿದ ಮೇಲೆ ಕಾಲೇಜು ಅಂತಾಳೆ, ಆಮೇಲೆ ನೀನೂ ನನ್ನ ಹಾಗೆ ಕಾಗದ ಬರೀತಾ ಕೂರ್ಬೇಕು.

ಎಲ್ಲ ಚೆನ್ನಾಗಿದೆ. ಪಾದ ಇಟ್ಟಿದೀನಿ. ನಾಲ್ಕೂವರೆ, ಒಂದೂಮುಕ್ಕಾಲು. ಹೋದ ವಾರದ್ದೇ ಅಳತೆ, ಹೋದ ವಾರದ್ದೇ ಮಗು.

ಅತ್ತೆ


ಮಾರ್ಚ್ 24, ಮಂಗಳವಾರ

ಅತ್ತೆಯವರಿಗೆ,

ಇವತ್ತು ವ್ಯಾನಿನಲ್ಲಿ ನಿಮ್ಮ ಕಾಗದವಿಲ್ಲ. ಚಾಲಕ ಚೀಲವನ್ನು ತಲೆಕೆಳಗು ಮಾಡಿ ಕೊಡವಿ ತೋರಿಸಿದ. ಬೇರೆ ಹುಡುಗಿಯರಿಗೆ ತಲಾ ಎರಡು ಬಂದಿವೆ. ಒಬ್ಬಳಿಗೆ ಅವಳ ಮನೆಯ ಬೆಕ್ಕು ಮರಿ ಹಾಕಿದ ಸುದ್ದಿ ಬಂದಿದೆ. ನನಗೆ ನನ್ನ ಮಗಳ ಸುದ್ದಿ ಇಲ್ಲ.

ಶನಿವಾರ ನೀವು ಹಾಕಲಿಲ್ಲ. ಏಕೆ? ಮರೆತಿರಿ ಎಂದರೆ ನಂಬುವುದಿಲ್ಲ. ನಿಮಗೆ ಮೂರು ವರ್ಷದ ಹಿಂದೆ ಹೊಲಿದ ರವಿಕೆಯ ತೋಳಿನ ಅಳತೆಯೂ ನೆನಪಿರುತ್ತದೆ.

ಇಲ್ಲಿ ಯಾವುದೂ ಸರಿ ಇಲ್ಲ. ಹೋದ ಶುಕ್ರವಾರ ಕೊನೆಯ ಸಾಲಿನಲ್ಲಿ ಒಂದು ಮಗು ಸಿಕ್ಕಿತು. ಕಲ್ಲು ಒಡೆಯುವವಳ ಮಗಳು, ವರ್ಷ ತುಂಬಿದೆ. ಒತ್ತಿದೆ, ಎರಡು ಪಾದಗಳಲ್ಲೂ ಗುಳಿ ನಿಂತಿತು. ನರ್ಸಮ್ಮ ಕೇಂದ್ರದಲ್ಲಿರುವ ಹಾಲಿನ ಪುಡಿ ಕೊಟ್ಟು, ಕೆಳಗಿನ ಆಸ್ಪತ್ರೆಗೆ ಸೇರಿಸಲೇಬೇಕು, ಹಿಂದಿರುಗುವ ವ್ಯಾನಿನಲ್ಲಿ ಕಳಿಸಿಕೊಡಿ ಎಂದು ಕೇಳಿದರು. ವ್ಯಾನಿನ ಹಿಂಭಾಗಕ್ಕೆ ಖಾಲಿ ಸಿಲಿಂಡರುಗಳು ತುಂಬುತ್ತವೆ; ಚಾಲಕನ ಪಕ್ಕದ ಸೀಟು ಒಂದೇ, ಅದು ತಂಡದವರ ತುರ್ತಿಗೆ. ಮೇಷ್ಟ್ರು ಶನಿವಾರವೂ ಆಗದು ಎಂದರು, ಇವತ್ತೂ ಆಗದು ಎಂದರು. “ನಾವು ಇಲ್ಲಿ ಕಲಿಯೋಕೆ ಬಂದವರು, ಕೈ ಹಾಕೋಕೆ ಬಂದವರಲ್ಲ. ಫಾರಂನಲ್ಲಿ ಸಂಖ್ಯೆ ಬರೆದಿರಿ, ಸಾಕು.” ಎತ್ತಿಕೊಂಡು ನಡೆದರೆ ಒಂದು ಹಗಲಿನ ದಾರಿ; ಈ ಬಿಸಿಲಿನಲ್ಲಿ ಬೇಡ ಎಂದು ನರ್ಸಮ್ಮನೇ ತಡೆದಿದ್ದಾರೆ. ನಾನೂ ಜಗಳವಾಡಬಹುದಿತ್ತು. ಆಡಲಿಲ್ಲ. ಆಗ ನನ್ನ ತಲೆಯೆಲ್ಲ ವ್ಯಾನಿನ ಚೀಲದಲ್ಲಿತ್ತು.

ಪಾದದ ಅಳತೆ ಕಳಿಸಿ. ಮರೆಯದೆ ಕಳಿಸಿ.

ಸೊಸೆ


ಮಾರ್ಚ್ 28, ಶನಿವಾರ

ಸೊಸೆಗೆ ಆಶೀರ್ವಾದ.

ಹೋದ ವಾರ ಮದುವೆ ಮನೆಯವರ ಹದಿನಾಲ್ಕು ರವಿಕೆ ಒಟ್ಟಿಗೆ ಬಂತು. ಕಾಗದ ಬರೆಯೋಕೆ ಕೈ ಬಿಡುವಾಗಲಿಲ್ಲ. ಅಷ್ಟಕ್ಕೆ ಆಕಾಶ ತಲೆ ಮೇಲೆ ಹಾಕ್ಕೋಬೇಡ. ಎಲ್ಲ ಚೆನ್ನಾಗಿದೆ. ಇನ್ನು ಎರಡೇ ವಾರ.

ಪಾದ ಇದರ ಜೊತೆ ಇದೆ.

ಅತ್ತೆ


ಮಾರ್ಚ್ 31, ಮಂಗಳವಾರ

ಅತ್ತೆ,

ಚಾಲಕ ಸಿಲಿಂಡರು ತುಂಬುತ್ತಿದ್ದಾನೆ, ಅವನು ಮುಗಿಸುವುದರೊಳಗೆ ಬರೆಯುತ್ತಿದ್ದೇನೆ.

ಈ ಸಲ ನೀವು ಅಳತೆ ಬರೆದಿಲ್ಲ. ನೀವು! ಆದರೆ ನಾನು ಅಳೆದೆ. ಮೇಷ್ಟ್ರ ಸ್ಕೇಲು ತಂದು ಮೂರು ಸಲ ಅಳೆದೆ. ಉದ್ದ ನಾಲ್ಕೂಮುಕ್ಕಾಲು. ಅಗಲ ಎರಡೂಕಾಲು. ಎರಡು ವಾರದಲ್ಲಿ ಯಾವ ಮಗುವಿನ ಪಾದ ಅರ್ಧ ಇಂಚು ಅಗಲವಾಗುತ್ತದೆ? ಬೆರಳುಗಳು ಒಂದಕ್ಕೊಂದು ದೂರ ದೂರ ಹೋಗಿವೆ. ಹಿಮ್ಮಡಿ ದುಂಡಗಾಗಿದೆ. ಇಪ್ಪತ್ತೈದು ದಿನದಿಂದ ನಾನು ಪಾದಗಳನ್ನು ಬಿಟ್ಟು ಬೇರೇನೂ ನೋಡಿಲ್ಲ. ನನಗೆ ಗೊತ್ತಾಗುವುದಿಲ್ಲವೇ?

ಬುಗುರಿ ಊಟ ಬಿಟ್ಟಿದ್ದಾಳೆ. ಹಾಲು ಬಿಟ್ಟಿದ್ದಾಳೆ. ಕಾಲು ಬಾತುಕೊಂಡಿದೆ. ಅದಕ್ಕೇ ಒಂದು ವಾರ ಕಾಗದವಿಲ್ಲ, ಅದಕ್ಕೇ ಅಳತೆ ಇಲ್ಲ, ಅದಕ್ಕೇ ಹದಿನಾಲ್ಕು ರವಿಕೆಯ ಕಥೆ. ಮದುವೆಯ ರವಿಕೆ ಬಂದಾಗಲೆಲ್ಲ ನೀವು ಹೆಣ್ಣಿನ ಕಡೆಯವರು ಯಾರು, ಬಣ್ಣ ಯಾವುದು, ಯಾರು ಚೌಕಾಸಿ ಮಾಡಿದರು ಎಂದು ಒಂದು ಪುರಾಣ ಹೇಳುತ್ತೀರಿ. ಈ ಸಲ ಒಂದು ಸಾಲಿನಲ್ಲಿ ಮುಗಿಸಿದಿರಿ. ಸುಳ್ಳು ಹೇಳಲು ನಿಮಗೆ ಬರುವುದಿಲ್ಲ.

ಕಾಗದದ ಮೇಲಿನ ಪಾದಕ್ಕೆ ಹೆಬ್ಬೆರಳು ಒತ್ತಿ ಮೂರು ಎಣಿಸಿದೆ. ಕಾಗದದಲ್ಲಿ ಗುಳಿ ನಿಂತಿತು. ನನಗೆ ಹುಚ್ಚು ಹಿಡಿಯುತ್ತಿದೆ.

ಮೇಷ್ಟ್ರ ಮುಂದೆ ಹೋಗಿ ಅತ್ತುಬಿಟ್ಟೆ. ಎರಡೇ ನಿಮಿಷದಲ್ಲಿ ಶನಿವಾರದ ಸೀಟು ಬರೆದುಕೊಟ್ಟರು. “ಹೋದರೆ ಪ್ರಮಾಣಪತ್ರ ಹೋಯ್ತು, ತಿಳ್ಕೊಂಡಿದೀರಲ್ಲ?” ಎಂದರು. ತಿಳಿದುಕೊಂಡಿದ್ದೇನೆ ಎಂದೆ. ಶನಿವಾರ ವ್ಯಾನು ಹತ್ತುತ್ತೇನೆ. ನಿಮ್ಮ ಉತ್ತರ ಅಷ್ಟರೊಳಗೆ ಬರಲಾರದು, ಬರೆಯುವುದೂ ಬೇಡ. ಪದವಿ ಹಾಳಾಗಲಿ. ಮಗುವನ್ನು ದಯವಿಟ್ಟು ನಾಳೆಯೇ ಡಾಕ್ಟರಿಗೆ ತೋರಿಸಿ.


ಏಪ್ರಿಲ್ 3, ಶುಕ್ರವಾರ

ನನ್ನ ತಾಯಿ,

ಹತ್ತಬೇಡ. ಮೊದಲು ಇದನ್ನ ಓದು, ಆಮೇಲೆ ಬೇಕಾದ್ದು ಮಾಡು.

ನಿನ್ನ ಗಂಡ ಇದನ್ನ ಮಧ್ಯಾಹ್ನದ ಬಸ್ಸಿನ ಡ್ರೈವರ್ ಕೈಲಿ ಕೊಡ್ತಾನೆ. ಅವನು ಇನ್ನೊಬ್ಬನ ಕೈಗೆ, ಅವನು ನಿಮ್ಮ ವ್ಯಾನಿನವನ ಕೈಗೆ. ಡ್ರೈವರುಗಳು ಒಬ್ಬರಿಗೊಬ್ಬರು ಹೇಳಿದ್ದನ್ನ ತಪ್ಪಿಸಲ್ಲ ಅಂತಾನೆ. ಹೆಂಡತಿ ಹೇಳಿದ್ದನ್ನ ತಪ್ಪಿಸ್ತಾರೆ ಅಂದೆ ನಾನು.

ಮಗು ನಿಂತಿದ್ದಾಳೆ ಕಣೇ. ಅಷ್ಟೇ. ಬಾವೂ ಇಲ್ಲ ಗೀವೂ ಇಲ್ಲ. ಮೊದಲಿನ ಎರಡು ಪಾದ ಮಲಗಿದ್ದಾಗ ಎಳೆದದ್ದು. ಮೂರನೇದು, ಹೊಲಿಗೆ ಯಂತ್ರದ ಚೌಕಟ್ಟು ಹಿಡಿದು ತಾನೇ ಎದ್ದು ನಿಂತಳಲ್ಲ, ಆಗ ಕಂದು ಕಾಗದ ಕಾಲಡಿಗೆ ತಳ್ಳಿ ಎಳೆದೆ. ಮೈಭಾರ ಬಿದ್ದರೆ ಪಾದ ಹರಡಲ್ವಾ? ಇಪ್ಪತ್ತೈದು ವರ್ಷ ಅಳತೆ ತಗೊಂಡವಳು ನಾನು, ನಿಂತವರ ಅಳತೆ ಬೇರೆ, ಮಲಗಿದವರ ಅಳತೆ ಬೇರೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದಕ್ಕೇ ಅಳತೆ ಬರೀಲಿಲ್ಲ. ಬರೆದರೆ ನೀನು ಅನುಮಾನ ಪಡ್ತೀಯ, ನಿಂತಳಾ ಅಂತ ಕೇಳ್ತೀಯ. ಮೂರು ದಿನದ ಹಿಂದೆ ಎರಡು ಹೆಜ್ಜೆ ಇಟ್ಟು ಬಿದ್ದಳು. ಅದನ್ನ ನಿನಗೆ ಅಂತ ಬಚ್ಚಿಟ್ಟಿದ್ದೆ. ನೀನು ಬಂದ ದಿನ ಬಾಗಿಲಲ್ಲಿ ಕೈ ಬಿಟ್ಟು, ‘ನೋಡು, ಇವತ್ತೇ ಮೊದಲು’ ಅಂತ ಹೇಳ್ಬೇಕು ಅಂತಿದ್ದೆ. ನಿನ್ನ ಗಂಡನಿಗೂ ಬಾಯಿ ಬಿಡಬೇಡ ಅಂದಿದ್ದೆ. ಈಗ ನೀನೇ ನನ್ನ ಬಾಯಿ ಬಿಡಿಸಿದೆ. ನನಗೆ ನಿನ್ನ ಮೇಲೆ ತುಂಬಾ ಕೋಪ ಇದೆ.

ಇನ್ನೊಂದು ಹೇಳ್ಬೇಕು. ರವಿಕೆ ಕಥೆ ಸುಳ್ಳು. ಆ ವಾರ ಅವಳಿಗೆ ಜ್ವರ ಬಂದಿತ್ತು. ನಾಲ್ಕು ದಿನ. ಡಾಕ್ಟರಿಗೆ ತೋರಿಸಿದೆ, ಹಲ್ಲಿನದು, ಗಂಟಲಿನದು ಅಂದರು, ಇಳೀತು. ಅದನ್ನೂ ಬಚ್ಚಿಟ್ಟೆ.

ಯಾಕೆ ಅಂತ ಕೇಳು. ನಿನ್ನ ಗಂಡನಿಗೆ ಒಂದು ವರ್ಷ ಆಗಿದ್ದಾಗ ನಾನು ಟೀಚರ್ ಟ್ರೈನಿಂಗಿಗೆ ಸೇರಿದ್ದೆ. ನಿನಗೆ ಯಾವತ್ತೂ ಹೇಳಿಲ್ಲ. ಹಾಸ್ಟೆಲ್ಲು, ಕಬ್ಬಿಣದ ಮಂಚ, ಎರಡು ಜೊತೆ ಸೀರೆ. ಹನ್ನೊಂದನೇ ದಿನ ನನ್ನತ್ತೆ ಕಾಗದ ಹಾಕಿದರು, ಮಗುವಿಗೆ ಜ್ವರ ಅಂತ. ಓಡಿ ಬಂದೆ. ಇವನು ಅಂಗಳದಲ್ಲಿ ಕೂತು ಮಣ್ಣು ತಿಂತಾ ಇದ್ದ, ನನ್ನ ನೋಡಿ ನಕ್ಕ. ಜ್ವರ ಎಲ್ಲಿ ಅಂದ್ರೆ, ಮೊನ್ನೆ ಇತ್ತು ಅಂದರು. ವಾಪಸು ಹೋಗೋಕೆ ಬಿಡಲಿಲ್ಲ. ಆಮೇಲೆ ಈ ಹೊಲಿಗೆ ಯಂತ್ರ ಬಂತು. ಅದಕ್ಕೇ ನಿನಗೆ ಅಂಥ ಕಾಗದ ಹಾಕಬಾರದು ಅಂತ ಪಣ ತೊಟ್ಟೆ. ಹಾಕದೇ ಹೋದದ್ದೇ ಹಾಕಿದ ಹಾಗಾಯ್ತು ನೋಡು!

ಇನ್ನು ಒಂದೇ ವಾರ ಇದೆ. ಹತ್ತಬೇಡ ತಾಯಿ.

ಅತ್ತೆ


ಏಪ್ರಿಲ್ 4, ಶನಿವಾರ

ಅತ್ತೆ,

ಈ ಕಾಗದವೂ ಡ್ರೈವರುಗಳ ಕೈಯಿಂದ ಕೈಗೇ ಬರುತ್ತದೆ; ಆದರೆ ಇವತ್ತಿನ ವ್ಯಾನು ಹೋದ ಮೇಲೆ ಬರೆಯುತ್ತಿರುವುದರಿಂದ ಮಂಗಳವಾರದವರೆಗೆ ನನ್ನ ಹಲಗೆಯಲ್ಲೇ ಇರುತ್ತದೆ. ನಾನು ಬರಲಿಲ್ಲ ಎಂಬ ಸುದ್ದಿಯನ್ನು ಚಾಲಕನ ಬಾಯಲ್ಲಿ ಹೇಳಿ ಕಳಿಸಿದ್ದೇನೆ. ಅದು ಮೊದಲೇ ತಲುಪಿರುತ್ತದೆ.

ನಾನು ಹತ್ತಿ ಕೂತಿದ್ದೆ. ಚೀಲ ಕಾಲಡಿಯಲ್ಲಿತ್ತು. ಮೇಷ್ಟ್ರು ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮೇಲೆ ಸ್ಕೇಲಿಟ್ಟು ಕೆಂಪು ಗೆರೆ ಎಳೆದಾಗಿತ್ತು. ಚಾಲಕ ಕೀಲಿ ತಿರುಗಿಸಿದವನು, “ಅಯ್ಯೋ, ಮರೆತೇಬಿಟ್ಟಿದ್ದೆ” ಎಂದು ತಲೆಯ ಮೇಲಿನ ಬಿಸಿಲುಮರೆಯಿಂದ ನಿಮ್ಮ ಲಕೋಟೆ ಎಳೆದು ಕೊಟ್ಟ. ಎರಡು ಸಲ ಓದಿದೆ. ನಗಬೇಕೋ, ನಿಮ್ಮ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ. ಜ್ವರ ಮುಚ್ಚಿಟ್ಟದ್ದಕ್ಕೆ ನನಗೂ ಕೋಪ ಇದೆ. ಮನೆಗೆ ಬಂದ ಮೇಲೆ ಇಬ್ಬರೂ ಕೂತು ತೀರಿಸಿಕೊಳ್ಳೋಣ.

ತಲೆ ಎತ್ತಿದರೆ ಕೇಂದ್ರದ ಮೆಟ್ಟಿಲ ಮೇಲೆ ಕಲ್ಲು ಒಡೆಯುವವಳು ಮಗುವನ್ನು ಮಡಿಲಲ್ಲಿಟ್ಟು ಕೂತಿದ್ದಳು. ಪ್ರತಿ ಮಂಗಳವಾರ, ಪ್ರತಿ ಶನಿವಾರ ಹೀಗೇ ಬಂದು ಕೂರುತ್ತಾಳಂತೆ, ಯಾರಾದರೂ ಮನಸ್ಸು ಬದಲಿಸಿದರೆ ಎಂದು. ಹದಿನೈದು ದಿನದಿಂದ. ಅಷ್ಟು ದಿನವೂ ನಾನು ಅವಳನ್ನು ದಾಟಿ ಓಡಿ ಅಂಚೆ ಚೀಲಕ್ಕೆ ಕೈ ಹಾಕಿದ್ದೇನೆ. ಕಾಗದದ ಮೇಲಿನ ಪೆನ್ಸಿಲ್ ಗೆರೆಯಲ್ಲಿ ಬಾವು ಕಂಡವಳಿಗೆ, ಎದುರಿಗಿದ್ದ ಬಾವು ಫಾರಂನ ಒಂದು ಸಂಖ್ಯೆಯಾಗಿತ್ತು. ನನ್ನ ಹೆದರಿಕೆಗೆ ಎರಡು ನಿಮಿಷದಲ್ಲಿ ಸೀಟು ಸಿಕ್ಕಿತು. ಅವಳ ಕಣ್ಣೀರಿಗೆ ಸಿಗಲಿಲ್ಲ.

ಇಳಿದೆ. “ಸರ್, ಈ ಸೀಟು ನನ್ನ ಹೆಸರಿಗೆ ಬರೆದಾಗಿದೆ ಅಲ್ವಾ?” ಎಂದೆ.

“ಆಗಿದೆ.”

“ಹಾಗಾದ್ರೆ ನನ್ನ ಬದಲು ಇವರು ಹೋಗ್ತಾರೆ.”

“ಹಾಗಂತ ನಿಯಮದಲ್ಲಿ ಇಲ್ಲಮ್ಮ.”

“ಹಾಗೆ ಕೂಡದು ಅಂತಲೂ ಇಲ್ಲ ಸರ್. ಮೊದಲ ಸಂಜೆ ನೀವೇ ಪೂರ್ತಿ ಓದಿದ್ರಿ, ನಾನು ಕೇಳಿದೀನಿ.”

ಅವರು ನಿಯಮದ ಹಾಳೆ ಹುಡುಕಲು ಒಳಗೆ ಹೋದರು. ಚಾಲಕ, “ನನ್ನ ಸೀಟಿಗೆ ಹೆಸರು ಓದೋಕೆ ಬರಲ್ಲಕ್ಕಾ, ಅವರು ಬರೋದ್ರೊಳಗೆ ಹತ್ತಿಸಿ” ಎಂದ. ನರ್ಸಮ್ಮ ಚೀಟಿ ಬರೆದುಕೊಟ್ಟರು. ನಮ್ಮ ಹುಡುಗಿಯರು ಓಡಿಹೋಗಿ ದುಪ್ಪಟ್ಟಿ, ನೀರಿನ ಬಾಟಲಿ ತಂದರು.

ಮೇಷ್ಟ್ರು ಹಾಳೆ ಹಿಡಿದು ಹೊರಗೆ ಬರುವಷ್ಟರಲ್ಲಿ ವ್ಯಾನು ಹೋಗಿತ್ತು. ಹೊಡೆದ ಹೆಸರನ್ನು ಮತ್ತೆ ಬರೆಯುವ ಅಧಿಕಾರ ತಮಗಿಲ್ಲವಂತೆ, ಪ್ರಿನ್ಸಿಪಾಲರಿಗೆ ಬರೆಯುತ್ತಾರಂತೆ, ಅವರು ಸಮಿತಿಗೆ ಕಳಿಸುತ್ತಾರಂತೆ. ನಾನು ಹೋಗಿಯೇ ಇಲ್ಲ, ಕಣ್ಣೆದುರಿಗೇ ಇದ್ದೇನೆ, ಆದರೂ ರಿಜಿಸ್ಟರಿನ ಪ್ರಕಾರ ಹೋದವಳು. ಹೋದವಳಿಗೂ ಸಂಜೆಯ ಫಾರಂ ಕೊಟ್ಟಿದ್ದಾರೆ, ಎಂಟು ಸಾಲು. ಪದವಿ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ ಅತ್ತೆ. ನೀವು ಹನ್ನೊಂದನೆಯ ದಿನ ಮನೆಗೆ ಓಡಿದಿರಿ, ನಾನು ಮೂವತ್ತಾರನೆಯ ದಿನ ಹತ್ತಿ ಇಳಿದೆ. ಉಳಿದ ಆರು ದಿನವನ್ನು, ಅವರು ಎಣಿಸಿದರೂ ಎಣಿಸದಿದ್ದರೂ, ಮುಗಿಸಿಯೇ ಬರುತ್ತೇನೆ.

ನೀವು ಎರಡು ವಿಷಯ ಬಚ್ಚಿಟ್ಟಿರಿ, ನಾನು ಒಂದು. ಹತ್ತೊಂಬತ್ತನೆಯ ದಿನ ನನ್ನ ಹಾಲು ನಿಂತುಹೋಯಿತು. ನಿಮಗೆ ಬರೆದರೆ ಸುಮ್ಮನೆ ನೊಂದುಕೊಳ್ಳುತ್ತೀರಿ ಎಂದು ಬರೆಯಲಿಲ್ಲ. ಬುಗುರಿಗೆ ಈಗ ಲೋಟವೇ ಸಾಕು.

ಅವಳು ನಡೆಯುತ್ತಿದ್ದರೆ ನಡೆಯಲಿ. ‘ಇವತ್ತೇ ಮೊದಲು’ ಎಂದು ನನಗಾಗಿ ಬಾಗಿಲಲ್ಲಿ ಹಿಡಿದು ನಿಲ್ಲಿಸಬೇಡಿ. ಎಷ್ಟು ಸಲ ಬಿದ್ದಳು, ಎಲ್ಲಿ ತರಚಿತು, ಎಲ್ಲ ಬರೆದಿಡಿ.

ವ್ಯಾನು ಹೊರಡುವ ಮುಂಚೆ ಕಿಟಕಿಯಿಂದ ಕೈ ಹಾಕಿ ಆ ಮಗುವಿನ ಪಾದವನ್ನು ಇನ್ನೊಮ್ಮೆ ಒತ್ತಿದೆ. ಒಂದು, ಎರಡು, ಮೂರು. ಕೈ ತೆಗೆದೆ. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ಗುಳಿ ಮೇಲೇಳುವುದನ್ನು ಕಾಯುತ್ತಾ ನಿಂತಿದ್ದೆ. ಅದು ಏಳುವ ಮೊದಲೇ ಗಾಡಿ ತಿರುವು ದಾಟಿತು.

ನಿಮ್ಮ ಸೊಸೆ